ವಿದ್ಯಾರ್ಥಿಗಳಿಗೆ ಬಾಡಿಗೆ ಕೊಡಲು ಕಟ್ಟಡ ಕೊಳ್ಳುವಾಗ

ಧಾರವಾಡದ ಸಪ್ತಾಪುರದ ಗಲ್ಲಿಗಳಲ್ಲಿ ಗೇಟಿಗೆ, ಲೈಟ್ ಕಂಬಕ್ಕೆ, ಖಾನಾವಳಿಯ ಗೋಡೆಗೆ ಅಂಟಿಸಿದ ಚೀಟಿಗಳು ಹೆಚ್ಚುಕಡಿಮೆ ಒಂದೇ ತೆರ. ‘ರೂಮು ಬಾಡಿಗೆಗೆ ಇದೆ, ಹುಡುಗರಿಗೆ ಮಾತ್ರ.’ ‘ಹುಡುಗಿಯರಿಗೆ ಕಾಟ್ ಬೇಸಿಸ್, ನೀರು ಇಪ್ಪತ್ನಾಲ್ಕು ತಾಸು.’ ಇವನ್ನು ನೋಡಿದವರಿಗೆ ಇಲ್ಲೊಂದು ನಾಲ್ಕು ಪೋರ್ಷನ್‌ಗಳ ಕಟ್ಟಡ ಕೊಂಡರೆ ಕುಳಿತಲ್ಲೇ ಬಾಡಿಗೆ ಬಂದೀತು ಎನ್ನಿಸುವುದು ಸಹಜ. ನಿವೃತ್ತಿಯ ಹಣ ಕೈಗೆ ಬಂದ ಶಿಕ್ಷಕರು, ಊರ ಹೊಲ ಮಾರಿದ ಅಣ್ಣತಮ್ಮಂದಿರು, ಬೆಂಗಳೂರಿನಲ್ಲೋ ದುಬೈನಲ್ಲೋ ದುಡಿಯುತ್ತಿರುವ ಮಕ್ಕಳು ಹೀಗೆ ಲೆಕ್ಕ ಹಾಕುತ್ತಾರೆ. ಅವರೆಲ್ಲರ ಮೊದಲ ಪ್ರಶ್ನೆ ‘ತಿಂಗಳಿಗೆ ಎಷ್ಟು ಬಾಡಿಗೆ ಬರತ್ತೆ?’ ಎಂಬುದು.

ಅದಕ್ಕೂ ಮುಂಚೆ ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಒಂದು ವರ್ಷ ವಿದ್ಯಾರ್ಥಿಗಳೇ ಬರದಿದ್ದರೆ ಈ ಕಟ್ಟಡವನ್ನು ಸಂಸಾರಸ್ಥರಿಗೆ ಕೊಟ್ಟು ನಾನು ತಡೆದುಕೊಳ್ಳಬಲ್ಲೆನೆ? 2020ರ ಮಾರ್ಚ್ ಕೊನೆಗೆ ಲಾಕ್‌ಡೌನ್ ಆಗಿ ಕಾಲೇಜು ಮುಚ್ಚಿದಾಗ ಧಾರವಾಡ, ಮಣಿಪಾಲ, ಮೈಸೂರು ಎಲ್ಲ ಕಡೆಯೂ ವಿದ್ಯಾರ್ಥಿಗಳನ್ನೇ ನಂಬಿದ್ದ ಮಾಲೀಕರ ರೂಮುಗಳು ತಿಂಗಳುಗಟ್ಟಲೆ ಖಾಲಿ ಬಿದ್ದವು. ಬ್ಯಾಂಕಿನ ಕಂತು ಮಾತ್ರ ನಿಲ್ಲಲಿಲ್ಲ. ಮುಂದೂಡಿಕೆ ಸಿಕ್ಕವರಿಗೂ ಬಡ್ಡಿ ಬೆಳೆಯುತ್ತಲೇ ಇತ್ತು. ಆ ವರ್ಷವನ್ನು ಅಪವಾದವೆಂದು ಬದಿಗಿಡದೆ ಲೆಕ್ಕದ ಒಳಗೇ ಇಟ್ಟುಕೊಂಡು ಕೊಳ್ಳುವವರಿಗಾಗಿ ಈ ಬರಹ. ಉದಾಹರಣೆಗೆ ಧಾರವಾಡವನ್ನು ಹಿಡಿದಿದ್ದೇನೆ. ಕಾಗದಪತ್ರದ ಮತ್ತು ಕಾನೂನಿನ ಮಾತು ಕರ್ನಾಟಕದ ಬೇರೆ ಊರುಗಳಿಗೂ ಹೊಂದುತ್ತದೆ.

ಬೇಡಿಕೆ ಎಲ್ಲಿಂದ ಬರುತ್ತದೆ

ದೊಡ್ಡ ಹೆಸರಿನ ಸಂಸ್ಥೆ ಬಂದ ಮಾತ್ರಕ್ಕೆ ಸುತ್ತಲಿನ ಮನೆಗಳಿಗೆ ಬೇಡಿಕೆ ಬರುವುದಿಲ್ಲ. ಧಾರವಾಡಕ್ಕೆ 2016ರಲ್ಲಿ ಐಐಟಿ ಬಂದಾಗ ಸುತ್ತಲಿನ ಜಾಗದ ದರ ಏರಿದ್ದನ್ನು ಕಂಡವರಿದ್ದಾರೆ. ಆದರೆ ಐಐಟಿ ವಸತಿಸಹಿತ ಸಂಸ್ಥೆ; ಚಿಕ್ಕಮಲ್ಲಿಗವಾಡದ ಕ್ಯಾಂಪಸ್ಸಿನಲ್ಲೇ ಮಕ್ಕಳು ಇರುತ್ತಾರೆ, ಅಲ್ಲೇ ಉಣ್ಣುತ್ತಾರೆ. ‘ಐಐಟಿಗೆ ಹತ್ತಿರ’ ಎಂದು ದಲ್ಲಾಳಿ ಹೇಳಿದರೆ ನಿಮ್ಮ ಬಾಡಿಗೆಗೆ ಅದರಿಂದ ಒಂದು ರೂಪಾಯಿಯೂ ಕೂಡುವುದಿಲ್ಲ. ನೋಡಬೇಕಾದದ್ದು ಒಂದು ಕಾಲೇಜಿಗೆ ಹೊರಗಿನ ಊರಿನಿಂದ ಬರುವ ಮಕ್ಕಳೆಷ್ಟು, ಅವರಲ್ಲಿ ಹಾಸ್ಟೆಲ್ ಸಿಗದವರೆಷ್ಟು ಎಂಬುದನ್ನು. ಇದನ್ನು ಕಾಲೇಜಿನ ಕಚೇರಿಯಲ್ಲಿ, ಹಾಸ್ಟೆಲ್ ವಾರ್ಡನ್ ಹತ್ತಿರ, ಸುತ್ತಲಿನ ಖಾನಾವಳಿಯವರ ಹತ್ತಿರ ಕೇಳಬಹುದು. ಖಾನಾವಳಿಯವರ ಉತ್ತರವೇ ಹೆಚ್ಚು ನಂಬಿಕೆಯದು. ಯಾವ ತಿಂಗಳು ಎಷ್ಟು ಊಟ ಹೋಗುತ್ತದೆ ಎಂಬುದು ಅವರಿಗೆ ಬಾಯಿಪಾಠ. ಹೊಸ ಹಾಸ್ಟೆಲ್ ಕಟ್ಟುತ್ತಿದ್ದಾರೆಯೇ ಎಂಬುದನ್ನೂ ವಿಚಾರಿಸಿ. ಇನ್ನೂರು ಮಕ್ಕಳ ಹಾಸ್ಟೆಲ್ ಎದ್ದರೆ ಆ ರಸ್ತೆಯ ಹತ್ತಾರು ಬಾಡಿಗೆ ಮನೆಗಳ ಲೆಕ್ಕ ಬುಡಮೇಲಾಗುತ್ತದೆ.

ಧಾರವಾಡದ ಅನುಕೂಲವೆಂದರೆ ಇಲ್ಲಿನ ವಿದ್ಯಾರ್ಥಿಗಳು ಒಂದೇ ಬಗೆಯವರಲ್ಲ. 1917ರಷ್ಟು ಹಳೆಯದಾದ ಕರ್ನಾಟಕ ಕಾಲೇಜು, 1949ರಲ್ಲಿ ಸ್ಥಾಪನೆಯಾಗಿ ಮರುವರ್ಷ ಇಲ್ಲಿಗೆ ಬಂದ ಕರ್ನಾಟಕ ವಿಶ್ವವಿದ್ಯಾಲಯ, 1986ರ ಕೃಷಿ ವಿಶ್ವವಿದ್ಯಾಲಯ, ವಿದ್ಯಾಗಿರಿಯ ಜೆಎಸ್‌ಎಸ್, ಧವಳಗಿರಿಯ ಎಸ್‌ಡಿಎಂ ಎಂಜಿನಿಯರಿಂಗ್ ಕಾಲೇಜು ಇವು ಒಂದೊಂದೂ ಬೇರೆ ಬೇರೆ ತಿಂಗಳಲ್ಲಿ ತುಂಬುತ್ತವೆ, ಬೇರೆ ಬೇರೆ ತಿಂಗಳಲ್ಲಿ ಖಾಲಿಯಾಗುತ್ತವೆ. ಈ ಕಾಲೇಜುಗಳ ವಿದ್ಯಾರ್ಥಿಗಳ ಜತೆಗೆ ಸಪ್ತಾಪುರದ ಕೋಚಿಂಗ್ ಕೇಂದ್ರಗಳಿಗೆಂದು ವಿಜಯಪುರ, ಬಾಗಲಕೋಟೆ, ಗದಗ, ಹಾವೇರಿ, ಕೊಪ್ಪಳ, ರಾಯಚೂರಿನ ಹಳ್ಳಿಗಳಿಂದ ಬಂದು ಕೆಎಎಸ್, ಪಿಎಸ್‌ಐ, ಎಫ್‌ಡಿಎ ಪರೀಕ್ಷೆಗೆ ಓದುವವರ ದೊಡ್ಡ ಪಡೆಯೇ ಇದೆ. ಇವರಿಗೆ ಬೇಸಿಗೆ ರಜೆ ಎಂಬುದಿಲ್ಲ; ವರ್ಷವಿಡೀ ಇರುತ್ತಾರೆ. ಆದರೆ ಸರ್ಕಾರದ ನೇಮಕಾತಿ ಅಧಿಸೂಚನೆ ತಡವಾದರೆ, ಪರೀಕ್ಷೆ ಮುಂದೆ ಹೋದರೆ, ಮನೆಯಿಂದ ಹಣ ಬರುವುದು ನಿಂತು ಗಂಟುಮೂಟೆ ಕಟ್ಟುವವರೂ ಇವರೇ. ಎರಡೂ ಬಗೆಯವರು ಒಂದೇ ಕಟ್ಟಡದಲ್ಲಿದ್ದರೆ ಒಬ್ಬರು ಖಾಲಿ ಮಾಡಿದ ತಿಂಗಳು ಇನ್ನೊಬ್ಬರಿಂದ ನಡೆಯುತ್ತದೆ. ಮಣಿಪಾಲದಂಥ ಊರಿನಲ್ಲಿ ಬಾಡಿಗೆ ಹೆಚ್ಚು ಸಿಕ್ಕರೂ ಬಹುಪಾಲು ಒಂದೇ ಸಂಸ್ಥೆಯ ನೆರಳಿನಲ್ಲಿ ಬದುಕಬೇಕು; ಆ ಸಂಸ್ಥೆ ಹಾಸ್ಟೆಲ್ ನಿಯಮ ಬದಲಿಸಿದರೆ ನಿಮ್ಮ ಮನೆಯ ಗತಿಯೂ ಬದಲು.

ಎಂಜಿನಿಯರಿಂಗ್ ಹುಡುಗರ ವಿಷಯದಲ್ಲಿ ಇನ್ನೊಂದು ಮಾತು. ಕೊನೆಯ ಸೆಮಿಸ್ಟರಿನಲ್ಲಿ ಇಂಟರ್ನ್‌ಶಿಪ್ಪಿಗೆಂದು ಬೆಂಗಳೂರು, ಪುಣೆ ಸೇರುವವರು ಹೆಚ್ಚುತ್ತಿದ್ದಾರೆ. ನಾಲ್ಕೂ ಜನ ಅಂತಿಮ ವರ್ಷದವರೇ ಇರುವ ಪೋರ್ಷನ್ ವರ್ಷದ ಮಧ್ಯೆ ಒಮ್ಮೆಲೇ ಖಾಲಿಯಾಗಬಹುದು. ಒಂದು ಮನೆಯಲ್ಲಿ ಎರಡನೇ ವರ್ಷದವರು, ಮೂರನೇ ವರ್ಷದವರು ಬೆರೆತಿದ್ದರೆ ಹಿರಿಯರು ಹೋಗುವಾಗ ತಾವೇ ಕಿರಿಯರನ್ನು ತಂದು ಸೇರಿಸಿ ಹೋಗುತ್ತಾರೆ. ನಿಮಗೆ ಚೀಟಿ ಅಂಟಿಸುವ ಕೆಲಸವೂ ತಪ್ಪುತ್ತದೆ.

ಒಂದು ಲೆಕ್ಕ, ಮೂರು ರೀತಿ

ಲೆಕ್ಕಕ್ಕೆಂದು ಹಿಡಿದ ಅಂಕಿ ಇವು. ನಿಮ್ಮ ಕಟ್ಟಡದ ಅಂಕಿಗಳನ್ನು ಹಾಕಿ ಇದೇ ಕ್ರಮದಲ್ಲಿ ನೋಡಿಕೊಳ್ಳಿ. ಎರಡೆರಡು ಬೆಡ್‌ರೂಮಿನ ನಾಲ್ಕು ಪೋರ್ಷನ್‌ಗಳ ಕಟ್ಟಡ, ಬೆಲೆ 1 ಕೋಟಿ 20 ಲಕ್ಷ. ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ ಶೇ 5, ಅದರ ಮೇಲಿನ ಸೆಸ್ ಮತ್ತು ಸರ್ಚಾರ್ಜ್, 2025ರ ಆಗಸ್ಟ್ 31ರಿಂದ ಶೇ 2ಕ್ಕೆ ಏರಿದ ನೋಂದಣಿ ಶುಲ್ಕ ಎಲ್ಲ ಸೇರಿ ನಗರ ಪ್ರದೇಶದಲ್ಲಿ ಸುಮಾರು ಶೇ 7.6. ಅಂದರೆ 9 ಲಕ್ಷ 12 ಸಾವಿರ. ರಿಪೇರಿ, ಬಣ್ಣ, ಕಾಟು, ಕಪಾಟಿಗೆ 4 ಲಕ್ಷ. ಒಟ್ಟು 1 ಕೋಟಿ 33 ಲಕ್ಷ.

ಮೊದಲ ರೀತಿ: ಕಟ್ಟಡ ಕಾಲೇಜಿನಿಂದ ದೂರ, ಬಸ್ಸೋ ಬೈಕೋ ಬೇಕು. ಪೋರ್ಷನ್ನಿಗೆ ನಾಲ್ವರಂತೆ 16 ಜನ, ತಲೆಗೆ 3,500 ರೂಪಾಯಿ. ತಿಂಗಳಿಗೆ 56 ಸಾವಿರ. ವರ್ಷಕ್ಕೆ ಹನ್ನೆರಡು ತಿಂಗಳ ಬಾಡಿಗೆ ಎಣಿಸಬೇಡಿ, ಹತ್ತು ಎಣಿಸಿ: 5 ಲಕ್ಷ 60 ಸಾವಿರ. ಆಸ್ತಿ ತೆರಿಗೆ, ಕಸಗುಡಿಸುವ ಮತ್ತು ನೋಡಿಕೊಳ್ಳುವವರ ಸಂಬಳ, ಮೋಟರು-ಮೆಟ್ಟಿಲಿನ ಕರೆಂಟು, ಬೇಸಿಗೆಯ ಟ್ಯಾಂಕರು, ವರ್ಷವರ್ಷದ ಪ್ಲಂಬಿಂಗು ಮತ್ತು ಸುಣ್ಣಬಣ್ಣ ಸೇರಿ 1 ಲಕ್ಷ 90 ಸಾವಿರ ಹೋಗುತ್ತದೆ. ಉಳಿದದ್ದು 3 ಲಕ್ಷ 70 ಸಾವಿರ. ಹಾಕಿದ ಹಣದ ಮೇಲೆ ಶೇ 2.8.

ಎರಡನೇ ರೀತಿ: ಅದೇ ಕಟ್ಟಡವನ್ನು ಸಂಸಾರಸ್ಥರಿಗೆ ಪೋರ್ಷನ್ನಿಗೆ 11 ಸಾವಿರದಂತೆ ಕೊಟ್ಟರೆ ಹನ್ನೊಂದೂವರೆ ತಿಂಗಳಿಗೆ 5 ಲಕ್ಷ 6 ಸಾವಿರ. ಸವಕಳಿ ಕಡಿಮೆ, ನೋಡಿಕೊಳ್ಳುವವರು ಬೇಕಿಲ್ಲ, ಖರ್ಚು 90 ಸಾವಿರದೊಳಗೆ. ಉಳಿದದ್ದು 4 ಲಕ್ಷ 16 ಸಾವಿರ, ಶೇ 3.1. ವಿದ್ಯಾರ್ಥಿಗಳಿಗೆ ಕೊಟ್ಟರೆ ಹೆಚ್ಚು ಎಂಬ ನಂಬಿಕೆ ಇಲ್ಲೇ ಸುಳ್ಳಾಗುತ್ತದೆ. ತಿಂಗಳ ಬಾಡಿಗೆ 12 ಸಾವಿರ ಹೆಚ್ಚು ಬಂದರೂ ವರ್ಷದ ಕೊನೆಗೆ ಕೈಯಲ್ಲಿ ಉಳಿಯುವುದು ಕಡಿಮೆ.

ಮೂರನೇ ರೀತಿ: ಕಟ್ಟಡ ಕಾಲೇಜಿಗೋ ಕೋಚಿಂಗ್ ಕೇಂದ್ರಕ್ಕೋ ಹತ್ತು ನಿಮಿಷದ ಕಾಲ್ನಡಿಗೆಯಲ್ಲಿದೆ, ನೀರಿನ ತೊಂದರೆಯಿಲ್ಲ. ತಲೆಗೆ 4,500 ಸಿಗುತ್ತದೆ. ಹತ್ತು ತಿಂಗಳಿಗೆ 7 ಲಕ್ಷ 20 ಸಾವಿರ, ಖರ್ಚು ಕಳೆದು 5 ಲಕ್ಷ 30 ಸಾವಿರ, ಸುಮಾರು ಶೇ 4. ಆದರೆ ಆ ಜಾಗದ ಬೆಲೆಯೂ ಹೆಚ್ಚಿರುತ್ತದೆ. ಮಾರುವವರಿಗೂ ಈ ಲೆಕ್ಕ ಗೊತ್ತು. ಬೆಲೆ ಒಂದೂವರೆ ಕೋಟಿಯ ಆಸುಪಾಸಿಗೆ ಬಂದರೆ ಸಂಸಾರಸ್ಥರಿಗೆ ಕೊಟ್ಟಷ್ಟೇ ಲಾಭಕ್ಕೆ ಇದೂ ಇಳಿಯುತ್ತದೆ. ಆದ್ದರಿಂದ ನನ್ನ ಸಲಹೆ ಇಷ್ಟೇ: ಕಾಲ್ನಡಿಗೆಯ ದೂರದಲ್ಲಿ ಇಲ್ಲದ ಕಟ್ಟಡವನ್ನು ವಿದ್ಯಾರ್ಥಿಗಳಿಗೆಂದು ಕೊಳ್ಳಲೇಬೇಡಿ. ಕಾಲ್ನಡಿಗೆಯ ದೂರದಲ್ಲಿದ್ದರೂ ಸಂಸಾರಸ್ಥರ ಬಾಡಿಗೆಯ ಲೆಕ್ಕದಲ್ಲಿ ಒಪ್ಪುವ ಬೆಲೆಗಿಂತ ಬಹಳ ಮುಂದೆ ಹೋಗಬೇಡಿ.

ಇನ್ನು ಸಾಲ. 80 ಲಕ್ಷವನ್ನು ಶೇ 9ರ ಬಡ್ಡಿಗೆ 20 ವರ್ಷಕ್ಕೆ ತೆಗೆದರೆ ತಿಂಗಳ ಕಂತು ಸುಮಾರು 72 ಸಾವಿರ. ಮೂರನೇ ರೀತಿಯಲ್ಲಿ ಕಟ್ಟಡ ಪೂರ್ತಿ ತುಂಬಿದ ತಿಂಗಳು ಬರುವುದೂ ಅಷ್ಟೇ. ಖಾಲಿ ತಿಂಗಳ ಕಂತು, ಎಲ್ಲ ಖರ್ಚು ನಿಮ್ಮ ಸಂಬಳದಿಂದಲೇ ಹೋಗಬೇಕು. ಬಾಡಿಗೆಯಲ್ಲೇ ಸಾಲ ತೀರುತ್ತದೆಂದು ಹೇಳುವವರ ಕೈಯಲ್ಲಿ ಈ ಲೆಕ್ಕ ಬರೆಸಿ ನೋಡಿ. ದೊಡ್ಡ ಸಾಲದ ಮೇಲೆ ಕೊಳ್ಳುವುದಾದರೆ ಬಾಡಿಗೆಯೇ ಇಲ್ಲದ ಆರು ತಿಂಗಳ ಕಂತು ಬೇರೆಯಾಗಿ ಬ್ಯಾಂಕಿನಲ್ಲಿ ಇರಲಿ.

ಕಟ್ಟಡ ನೋಡಲು ಬೆಳಗ್ಗೆ ಆರಕ್ಕೆ ಹೋಗಿ

ದಲ್ಲಾಳಿಗಳು ಬೆಳಗ್ಗೆ ಹನ್ನೊಂದಕ್ಕೆ ಕರೆದುಕೊಂಡು ಹೋಗುತ್ತಾರೆ. ಆಗ ಮನೆ ಶಾಂತವಾಗಿರುತ್ತದೆ, ಟ್ಯಾಂಕು ತುಂಬಿರುತ್ತದೆ. ನೀವು ಬೆಳಗ್ಗೆ ಆರು ಗಂಟೆಗೊಮ್ಮೆ ಹೋಗಿ. ಹದಿನಾರು ಜನ ಒಂದೂವರೆ ತಾಸಿನಲ್ಲಿ ಸ್ನಾನ ಮುಗಿಸುವ ಹೊತ್ತದು. ಮೇಲಿನ ಪೋರ್ಷನ್ನಿನ ನಳದಲ್ಲಿ ನೀರಿನ ರಭಸ ಹೇಗಿದೆ, ಮೋಟರು ಎಷ್ಟು ಹೊತ್ತು ಓಡಿದರೆ ಟ್ಯಾಂಕು ತುಂಬುತ್ತದೆ, ಬಚ್ಚಲಿನ ನೀರು ಎಲ್ಲಿ ಕಟ್ಟಿಕೊಳ್ಳುತ್ತದೆ, ಎಲ್ಲವೂ ಆಗ ಕಣ್ಣೆದುರೇ ಕಾಣುತ್ತದೆ.

ನೀರಿನ ಲೆಕ್ಕವನ್ನು ಕಾಗದದ ಮೇಲೆ ಮಾಡಿ. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬುದು ಒಪ್ಪಿತವಾದ ಅಳತೆ. 16 ಜನಕ್ಕೆ 2,160 ಲೀಟರ್. ನಿಮ್ಮ ಓಣಿಗೆ ನಳದ ನೀರು ನಾಲ್ಕು ದಿನಕ್ಕೊಮ್ಮೆ ಬರುತ್ತದೆ ಎಂದಾದರೆ 8,640 ಲೀಟರ್ ಹಿಡಿದಿಡುವ ಜಾಗ ಬೇಕು. ಹತ್ತು ಅಡಿ ಉದ್ದ, ಆರು ಅಡಿ ಅಗಲ, ಐದು ಅಡಿ ಆಳದ ಸಂಪು ಅಂಚಿನವರೆಗೆ ತುಂಬಿದರೆ ಸುಮಾರು 8,500 ಲೀಟರ್. ಟೇಪು ಹಿಡಿದು ಸಂಪು ಅಳೆಯಿರಿ. ಮಾರುವವರು ಹೇಳುವ ಲೀಟರನ್ನು ನಂಬಬೇಡಿ. ಮುಚ್ಚಳ ತೆಗೆಸಿ ಟಾರ್ಚು ಬಿಟ್ಟು ಒಳಗೋಡೆಯ ಬಿರುಕು, ಹತ್ತಿರದಲ್ಲೇ ಹಾದುಹೋಗುವ ಡ್ರೈನೇಜ್ ಪೈಪು ನೋಡಿ. ಬೋರ್ ಇದ್ದರೆ ಏಪ್ರಿಲ್ ತಿಂಗಳಲ್ಲಿ ಅದು ಎಷ್ಟು ನೀರು ಕೊಟ್ಟಿತ್ತು ಎಂದು ಕೇಳಬೇಕಾದದ್ದು ಮಾಲೀಕರನ್ನಲ್ಲ, ಎದುರುಮನೆಯವರನ್ನು.

ಆಮೇಲೆ ಕರೆಂಟು. ಒಂದು ಸಂಸಾರಕ್ಕೆಂದು ಹಾಕಿದ ವೈರಿಂಗಿನ ಮೇಲೆ ನಾಲ್ಕು ಲ್ಯಾಪ್‌ಟಾಪು, ಇಸ್ತ್ರಿಪೆಟ್ಟಿಗೆ, ಇಂಡಕ್ಷನ್ ಒಲೆ, ಬಕೆಟ್ಟಿಗೆ ಹಾಕುವ ನೀರು ಕಾಯಿಸುವ ಕಾಯಿಲ್ ಎಲ್ಲ ಒಟ್ಟಿಗೆ ಬೀಳುತ್ತವೆ. ಪ್ರತಿ ಪೋರ್ಷನ್ನಿಗೂ ಬೇರೆ ಆರ್‌ಆರ್ ನಂಬರು ಇದೆಯೇ, ಮಂಜೂರಾದ ಲೋಡ್ ಎಷ್ಟು ಎಂಬುದು ಬಿಲ್ಲಿನಲ್ಲೇ ಇರುತ್ತದೆ. ಅರ್ತಿಂಗ್ ಪರೀಕ್ಷಿಸಿ, ಹಳೆಯ ಫ್ಯೂಸ್ ಕಿತ್ತು ಎಂಸಿಬಿ ಮತ್ತು ಆರ್‌ಸಿಸಿಬಿ ಹಾಕಿಸಲು ಎಷ್ಟಾಗುತ್ತದೆಂದು ಎಲೆಕ್ಟ್ರಿಷಿಯನ್ ಹತ್ತಿರ ಬರೆಸಿಕೊಳ್ಳಿ. ಗೃಹಜ್ಯೋತಿಯ 200 ಯೂನಿಟ್‌ವರೆಗಿನ ಉಚಿತ ಸೌಲಭ್ಯ ಗೃಹಬಳಕೆಯ ಮೀಟರಿಗೆ ಸಿಗುತ್ತದೆ, ಬಾಡಿಗೆದಾರರೂ ಅದಕ್ಕೆ ಅರ್ಹರು. ಬೇರೆ ಬೇರೆ ಮೀಟರುಗಳಿದ್ದರೆ ಮಕ್ಕಳಿಗೆ ಅದರ ಲಾಭ ಸಿಗುತ್ತದೆ. ಇಡೀ ಕಟ್ಟಡಕ್ಕೆ ಒಂದೇ ಮೀಟರಿದ್ದರೆ ಹದಿನಾರು ಜನರ ಬಳಕೆ ಮಿತಿಯೊಳಗೆ ನಿಲ್ಲುವುದೇ ಇಲ್ಲ, ತಿಂಗಳಾದರೆ ಬಿಲ್ಲಿನ ಜಗಳ.

ಇಲ್ಲಿ ಒಂದು ವಿಷಯದಲ್ಲಿ ರಾಜಿ ಬೇಡ. ಬಚ್ಚಲಿನೊಳಗೆ ಗ್ಯಾಸ್ ಗೀಸರ್ ಇದ್ದರೆ ಅದನ್ನು ಕೊಂಡ ದಿನವೇ ಹೊರಗೆ ತೆಗೆಸಿ. ಕಿಟಕಿ ಮುಚ್ಚಿದ ಸಣ್ಣ ಬಚ್ಚಲಿನಲ್ಲಿ ಉರಿಯುವ ಗ್ಯಾಸಿನಿಂದ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಸ್ನಾನಕ್ಕೆ ಹೋದ ಮಕ್ಕಳು ಹಾಗೇ ಪ್ರಜ್ಞೆ ತಪ್ಪಿ ಸತ್ತ ಸುದ್ದಿ ನಮ್ಮ ರಾಜ್ಯದ ಪತ್ರಿಕೆಗಳಲ್ಲಿ ಪ್ರತಿ ಚಳಿಗಾಲವೆಂಬಂತೆ ಬರುತ್ತದೆ. ಛಾವಣಿಯ ಮೇಲೆ ಸೋಲಾರ್, ಮೋಡದ ದಿನಗಳಿಗೆ ಗೋಡೆಯ ಎಲೆಕ್ಟ್ರಿಕ್ ಗೀಸರ್ ಹಾಕಿಸಿದರೆ ಖರ್ಚು ಒಮ್ಮೆ ಆಗುತ್ತದೆ. ಯಾರದೋ ಮನೆಯ ಮಗನನ್ನೋ ಮಗಳನ್ನೋ ನಿಮ್ಮ ಸೂರಿನ ಕೆಳಗೆ ಇಟ್ಟುಕೊಳ್ಳುತ್ತಿದ್ದೀರಿ. ಆ ಖರ್ಚನ್ನು ಕಟ್ಟಡದ ಬೆಲೆಯೊಳಗೇ ಸೇರಿಸಿ ಚೌಕಾಸಿ ಮಾಡಿ. ಛಾವಣಿಯ ಗೋಡೆ ಎದೆಮಟ್ಟಕ್ಕಿದೆಯೇ, ಮೆಟ್ಟಿಲ ಕಂಬಿ ಗಟ್ಟಿಯಿದೆಯೇ, ಬೆಂಕಿ ಬಿದ್ದರೆ ಇಳಿದುಬರಲು ದಾರಿಯಿದೆಯೇ ಎಂದೂ ನೋಡಿ. ಹತ್ತು ಬೈಕು ನಿಲ್ಲಿಸಲು ಜಾಗವಿಲ್ಲದಿದ್ದರೆ ಓಣಿಯವರ ತಕರಾರು ಮೊದಲ ತಿಂಗಳೇ ಶುರು.

ಕಾಗದಪತ್ರ, ಮತ್ತು ಕಾಗದದಲ್ಲಿ ಕಾಣದ ಸಾಲ

ಹುಬ್ಬಳ್ಳಿ-ಧಾರವಾಡದ ಹಳೆಯ ಬಡಾವಣೆಗಳಲ್ಲಿ ಮೊದಲು ಕೇಳುವುದು ಸಿಟಿಎಸ್ ಉತಾರ. ಸಿಟಿ ಸರ್ವೆ ಕಚೇರಿಯ ಆ ಉತಾರದಲ್ಲಿ ಅಳತೆ, ಹೆಸರು, ಹಕ್ಕು ಬದಲಾದ ಬಗೆ ಎಲ್ಲ ಇರುತ್ತದೆ. ಅದರೊಂದಿಗೆ ಪಾಲಿಕೆಯ ಇ-ಖಾತಾ. 2024ರ ಅಕ್ಟೋಬರ್‌ನಿಂದ ನಗರ ಪ್ರದೇಶದಲ್ಲಿ ಇ-ಖಾತಾ ಇಲ್ಲದೆ ನೋಂದಣಿ ಆಗುವುದಿಲ್ಲ. ಗ್ರಾಮ ಪಂಚಾಯಿತಿ ವ್ಯಾಪ್ತಿಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11. ನಿಯಮಕ್ಕೆ ಒಳಪಡದ ಆಸ್ತಿಗೆ ಕೊಡುವ ಬಿ-ಖಾತಾ ಇದ್ದರೆ ಬೆಲೆ ಅಗ್ಗ ಎನಿಸುತ್ತದೆ. ಆದರೆ ಸಾಲ ಕೊಡಲು ಬ್ಯಾಂಕುಗಳು ಹಿಂಜರಿಯುತ್ತವೆ, ನಾಳೆ ನೀವು ಮಾರಲು ಹೋದಾಗ ಕೊಳ್ಳುವವರಿಗೂ ಅದೇ ತೊಂದರೆ.

ಮೂವತ್ತು ವರ್ಷದ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ. ಮೂಲ ಜಮೀನು ಬಿನ್‌ಶೇತ್ಕಿ (ಕೃಷಿಯೇತರ) ಆಗಿದೆಯೇ, ಲೇಔಟಿಗೆ ನಗರಾಭಿವೃದ್ಧಿ ಪ್ರಾಧಿಕಾರದ ಮಂಜೂರಾತಿ ಇದೆಯೇ ನೋಡಿ. ಮೂಲದಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಕೊಟ್ಟ ಜಮೀನಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆ ಅನ್ವಯಿಸುತ್ತದೆ. ಸರ್ಕಾರದ ಅನುಮತಿಯಿಲ್ಲದೆ ಆದ ಮಾರಾಟ ನಿಲ್ಲುವುದಿಲ್ಲ, 2023ರ ತಿದ್ದುಪಡಿಯ ನಂತರ ಕಾಲಮಿತಿಯ ನೆಪವೂ ಇಲ್ಲ. ಪಿತ್ರಾರ್ಜಿತ ಆಸ್ತಿಯಾದರೆ ಹೆಣ್ಣುಮಕ್ಕಳ ಸಹಿ ಬೇಕೇ ಬೇಕು. 2005ರ ತಿದ್ದುಪಡಿ, ಅದರ ಮೇಲೆ 2020ರ ಆಗಸ್ಟ್‌ನ ಸುಪ್ರೀಂ ಕೋರ್ಟ್ ತೀರ್ಪು ಇವೆರಡರಿಂದ ಮಗಳ ಪಾಲು ಹುಟ್ಟಿನಿಂದಲೇ ಬಂದದ್ದು. ‘ಅಕ್ಕ-ತಂಗೇರು ಏನೂ ತಕರಾರು ಮಾಡೂದಿಲ್ರಿ’ ಎಂಬ ಬಾಯಿಮಾತಿಗೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಬೆಲೆಯಿಲ್ಲ.

ಕಟ್ಟಡದ ಮಂಜೂರಾದ ನಕ್ಷೆ ಮತ್ತು ನಿಂತಿರುವ ಕಟ್ಟಡ ಎರಡನ್ನೂ ಒಬ್ಬ ಎಂಜಿನಿಯರ್ ಕೈಯಲ್ಲಿ ಹೋಲಿಸಿ ನೋಡಿಸಿ. ಎರಡು ಮಹಡಿಗೆ ಮಂಜೂರಾತಿ, ಮೂರನೆಯದರ ಮೇಲೆ ತಗಡಿನ ರೂಮು ಎಂಬುದು ವಿದ್ಯಾರ್ಥಿ ಬಡಾವಣೆಗಳಲ್ಲಿ ಸಾಮಾನ್ಯ ದೃಶ್ಯ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ವಾಸಯೋಗ್ಯ ಪ್ರಮಾಣಪತ್ರವಿಲ್ಲದ ಕಟ್ಟಡಕ್ಕೆ ನೀರು, ವಿದ್ಯುತ್ ಸಂಪರ್ಕ ಕೊಡಬಾರದೆಂದು ಹೇಳಿದ ಮೇಲೆ ಹೊಸ ಮೀಟರು ಪಡೆಯುವುದು ಬಿಗಿಯಾಯಿತು. ‘ಆಮೇಲೆ ಇನ್ನೊಂದು ಮೀಟರ್ ತಗೊಂಡ್ರಾತು’ ಎಂಬ ಭರವಸೆಯ ಮೇಲೆ ಕೊಳ್ಳಬೇಡಿ.

ಇಷ್ಟೆಲ್ಲ ಸರಿಯಿದ್ದರೂ ಕಾಗದದಲ್ಲಿ ಕಾಣದ ಒಂದು ಸಾಲ ಉಳಿದಿರಬಹುದು. ಅದು ‘ಲೀಸ್’. ನಮ್ಮಲ್ಲಿ ಮಾಲೀಕರಿಗೆ ದುಡ್ಡು ಬೇಕಾದಾಗ ಒಂದು ಪೋರ್ಷನ್ನನ್ನು ಆರೆಂಟು ಲಕ್ಷಕ್ಕೆ ಲೀಸಿಗೆ ಕೊಡುತ್ತಾರೆ: ತಿಂಗಳ ಬಾಡಿಗೆಯಿಲ್ಲ, ಅವಧಿ ಮುಗಿದಾಗ ಅಷ್ಟೂ ಹಣ ಹಿಂದಕ್ಕೆ. ಬಹುಪಾಲು ಇದು ಸ್ಟಾಂಪ್ ಕಾಗದದ ಮೇಲೆ ಮುಗಿಯುತ್ತದೆ, ನೋಂದಣಿಯಾಗುವುದಿಲ್ಲ. ಹಾಗಾಗಿ ಇಸಿಯಲ್ಲಿ ಬರುವುದಿಲ್ಲ. ನೀವು ಕಟ್ಟಡ ಕೊಂಡು ಹೋದ ಮೇಲೆ ಕೆಳಗಿನ ಮನೆಯವರು ‘ನಮ್ಮ ಏಳು ಲಕ್ಷ ಕೊಡ್ರಿ, ನಾವು ಬಿಡ್ತೀವಿ’ ಎನ್ನುತ್ತಾರೆ. ಆಗ ಮಾರಿದವರ ಫೋನು ಸ್ವಿಚ್ ಆಫ್. ಆಸ್ತಿ ವರ್ಗಾವಣೆ ಕಾಯ್ದೆಯ ಪ್ರಕಾರ ಕೊಂಡವರು ಹಳೆಯ ಮಾಲೀಕರ ಜಾಗದಲ್ಲಿ ನಿಲ್ಲುತ್ತಾರೆ. ಕಟ್ಟಡ ಮಾರಾಟವಾಯಿತೆಂದು ಒಳಗಿದ್ದವರ ಹಕ್ಕು ತಾನಾಗಿ ಹೋಗುವುದಿಲ್ಲ. ಕೈಯಲ್ಲಿ ಹಣವಿಲ್ಲದೆ ಅವರನ್ನು ಎಬ್ಬಿಸುವುದು ಎಂದರೆ ಕೋರ್ಟಿನ ದಾರಿ.

ಇದಕ್ಕೆ ಉಪಾಯ ಸರಳ. ಮುಂಗಡ ಕೊಡುವ ಮೊದಲು ಪ್ರತಿ ಬಾಗಿಲೂ ಬಡಿದು, ಒಳಗಿರುವವರ ಜತೆ ಕುಳಿತು ಮಾತನಾಡಿ. ಬಾಡಿಗೆ ಎಷ್ಟು, ಯಾವಾಗಿನಿಂದ, ಡಿಪಾಜಿಟ್ ಎಷ್ಟು, ಕಾಗದ ಇದೆಯೇ ಕೇಳಿ, ಅವರ ಸಹಿ ಇರುವ ಒಂದು ಪಟ್ಟಿ ಮಾಡಿ. ಆ ಪಟ್ಟಿಯ ಒಟ್ಟು ಹಣವನ್ನು ಖರೀದಿ ಬೆಲೆಯಲ್ಲಿ ಹಿಡಿದುಕೊಳ್ಳಿ, ಅಥವಾ ನೋಂದಣಿಗೆ ಮೊದಲು ಮಾರುವವರೇ ತೀರಿಸಿ ಮನೆ ಖಾಲಿ ಮಾಡಿಸಿಕೊಡಲಿ. ಖರೀದಿ ಪತ್ರದಲ್ಲಿ ಒಂದು ಪ್ಯಾರಾ ಇದಕ್ಕೇ ಮೀಸಲಿಡಲು ವಕೀಲರಿಗೆ ಹೇಳಿ. ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಾರುವವರಿಗೆ ಕೊಡುವ ಹಣದಲ್ಲಿ ಶೇ 1ರಷ್ಟು ಟಿಡಿಎಸ್ ಕಳೆದು ಸರ್ಕಾರಕ್ಕೆ ಕಟ್ಟುವುದು ನಿಮ್ಮ ಹೊಣೆ. ಮಾರುವವರು ಅನಿವಾಸಿ ಭಾರತೀಯರಾದರೆ ನಿಯಮವೇ ಬೇರೆ, ಕಳೆಯುವ ಮೊತ್ತವೂ ಬಹಳ ಹೆಚ್ಚು. ಲೆಕ್ಕಪರಿಶೋಧಕರನ್ನು ಕೇಳದೆ ಹಣ ಕೊಡಬೇಡಿ.

ಯಾರಿಗೆ, ಹೇಗೆ ಕೊಡುವುದು

ಪೋರ್ಷನ್ನನ್ನು ನಾಲ್ವರಿಗೆ ಒಟ್ಟಾಗಿ ಕೊಡುವುದು ಒಂದು ದಾರಿ, ಊಟ-ವಸತಿ ಕೊಟ್ಟು ಪಿಜಿ ನಡೆಸುವುದು ಇನ್ನೊಂದು. ಎರಡನೆಯದು ಬಾಡಿಗೆಯಲ್ಲ, ವ್ಯಾಪಾರ. ಟ್ರೇಡ್ ಲೈಸೆನ್ಸ್, ಅಡುಗೆಯಿದ್ದರೆ ಎಫ್‌ಎಸ್‌ಎಸ್‌ಎಐ ಪರವಾನಗಿ, ಸಿಬ್ಬಂದಿ ಎಲ್ಲ ಬೇಕು. ವಿದ್ಯುತ್ ದರ, ಆಸ್ತಿ ತೆರಿಗೆ ಯಾವ ವರ್ಗಕ್ಕೆ ಹೋಗುತ್ತದೆಂದು ಮೊದಲೇ ವಿಚಾರಿಸಬೇಕು. ಬೆಂಗಳೂರಿನಲ್ಲಿ 2024ರಲ್ಲಿ ಪಿಜಿಯೊಂದರಲ್ಲಿ ಯುವತಿಯ ಕೊಲೆಯಾದ ಮೇಲೆ ಅಲ್ಲಿನ ಪಾಲಿಕೆ ತಲೆಗೆ ಕನಿಷ್ಠ 70 ಚದರ ಅಡಿ ಜಾಗ, 135 ಲೀಟರ್ ನೀರು, ಸಿಸಿಟಿವಿ, ಕಾವಲು ಎಂದೆಲ್ಲ ನಿಯಮ ಮಾಡಿತು. ನಿಮ್ಮ ಊರಿನಲ್ಲಿ ಅದು ಕಡ್ಡಾಯವಲ್ಲದಿದ್ದರೂ ಆ 70 ಚದರ ಅಡಿಯನ್ನು ಅಳತೆಗೋಲಾಗಿ ಇಟ್ಟುಕೊಳ್ಳಿ. ಹತ್ತು ಅಡಿಗೆ ಹನ್ನೆರಡು ಅಡಿಯ ಕೋಣೆಯಲ್ಲಿ ಮೂರು ಕಾಟು ಹಾಕಿದರೆ ತಲೆಗೆ 40 ಚದರ ಅಡಿ. ಅಲ್ಲಿ ಮಲಗಬಹುದು, ಓದಲಾಗದು. ಓದಲೆಂದೇ ಬಂದ ಮಕ್ಕಳಿಗೆ ಓದಲು ಜಾಗ ಕೊಡದೆ ಬಾಡಿಗೆ ತೆಗೆದುಕೊಳ್ಳುವುದು ನ್ಯಾಯವಲ್ಲ. ಊರ ಹೊರಗಿದ್ದುಕೊಂಡು ಕೊಳ್ಳುವವರು ಪಿಜಿಗೆ ಕೈಹಾಕದಿರುವುದೇ ಒಳ್ಳೆಯದು.

ಕರಾರು ಹನ್ನೊಂದು ತಿಂಗಳದ್ದಿರಲಿ. ವರ್ಷ ಮೀರಿದರೆ ನೋಂದಣಿ ಬೇಕಾಗುತ್ತದೆ. ನಾಲ್ವರ ಹೆಸರೂ ಒಂದೇ ಕರಾರಿನಲ್ಲಿರಲಿ, ಬಾಡಿಗೆಗೆ ನಾಲ್ವರೂ ಒಟ್ಟಾಗಿ ಮತ್ತು ಒಬ್ಬೊಬ್ಬರಾಗಿ ಹೊಣೆ ಎಂದು ಬರೆಸಿ. ಪಿಯು ಓದುವವರು ಹದಿನೆಂಟು ತುಂಬದವರು. ಅವರ ಸಹಿಗೆ ಕಾನೂನಿನಲ್ಲಿ ಬೆಲೆಯಿಲ್ಲ, ತಂದೆ ಅಥವಾ ತಾಯಿಯ ಸಹಿ ಬೇಕು. ದೊಡ್ಡವರ ವಿಷಯದಲ್ಲೂ ಹೆತ್ತವರು ಒಮ್ಮೆ ಬಂದು ಮನೆ ನೋಡಿಹೋಗುವುದು ಇಬ್ಬರಿಗೂ ಹಿತ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ತಿಂಗಳಿಗೆ 3,500 ರೂಪಾಯಿಗಿಂತ, ಸಣ್ಣ ಊರುಗಳಲ್ಲಿ 2,000ಕ್ಕಿಂತ ಹೆಚ್ಚು ಬಾಡಿಗೆಯ ಮನೆಗಳಿಗೆ ಅನ್ವಯಿಸುವುದಿಲ್ಲ. ಇಡೀ ಪೋರ್ಷನ್ನಿಗೆ ಒಂದೇ ಕರಾರು ಮಾಡಿದರೆ ಬಾಡಿಗೆ ಆ ಮಿತಿ ದಾಟುವುದರಿಂದ ಆ ಕಾಯ್ದೆ ಅನ್ವಯಿಸುತ್ತದೆಯೇ ಎಂಬ ಗೊಂದಲವೂ ಇರುವುದಿಲ್ಲ. ಆಗ ಕರಾರಿನ ಮಾತು ಮತ್ತು ಆಸ್ತಿ ವರ್ಗಾವಣೆ ಕಾಯ್ದೆಯೇ ಆಧಾರ. ಡಿಪಾಜಿಟ್ ಎರಡು ತಿಂಗಳಿಗಿಂತ ಹೆಚ್ಚು ಕೇಳಬೇಡಿ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಹೇಳುವುದೂ ಅಷ್ಟನ್ನೇ. ಒಳಬರುವ ದಿನ ಗೋಡೆ, ಬಾಗಿಲು, ಫ್ಯಾನು, ನಳ ಎಲ್ಲದರ ವಿಡಿಯೊ ಮಾಡಿ ಅವರಿಗೂ ಕಳಿಸಿದರೆ ಹೋಗುವ ದಿನ ಜಗಳವಿಲ್ಲ. ಬಾಡಿಗೆದಾರರ ವಿವರ ಪೊಲೀಸ್ ಠಾಣೆಗೆ ಕೊಡಿ. ವಿದೇಶಿ ವಿದ್ಯಾರ್ಥಿಯಾದರೆ ಬಂದ 24 ಗಂಟೆಯೊಳಗೆ ಸಿ-ಫಾರ್ಮ್ ಆನ್‌ಲೈನಿನಲ್ಲಿ ತುಂಬಬೇಕು.

ಮನೆ ಕೇಳಿಕೊಂಡು ಬಂದ ಹುಡುಗನಿಗೆ ನಮ್ಮ ಕಡೆ ಎದುರಾಗುವ ಮೊದಲ ಪ್ರಶ್ನೆ ‘ನೀವು ಯಾವ ಪೈಕಿ?’ ಎಂಬುದು. ಹೆಗಲಿಗೆ ಬ್ಯಾಗು, ಕೈಯಲ್ಲಿ ಹಾಸಿಗೆಯ ಸುತ್ತು ಹಿಡಿದುಕೊಂಡು ಬಿಸಿಲಲ್ಲಿ ನಿಂತ ಹತ್ತೊಂಬತ್ತರ ಹುಡುಗನಿಗೆ ಆ ಪ್ರಶ್ನೆ ಹೇಗೆ ನಾಟುತ್ತದೆಂದು ಕೇಳುವವರು ಯೋಚಿಸುವುದಿಲ್ಲ. ಯಾವ ಕಾಲೇಜು, ಯಾವ ಕೋರ್ಸು, ಬಾಡಿಗೆ ಯಾರು ಕೊಡುತ್ತಾರೆ, ಇಷ್ಟು ಕೇಳುವುದು ನಿಮ್ಮ ಹಕ್ಕು. ಜಾತಿ ಕೇಳುವುದಲ್ಲ. ಅಸ್ಪೃಶ್ಯತೆಯ ಕಾರಣಕ್ಕೆ ವಸತಿಗೆ ಅಡ್ಡಿಪಡಿಸುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಡಿ ಶಿಕ್ಷಾರ್ಹ ಅಪರಾಧ. ಆ ಪ್ರಶ್ನೆ ಕೇಳದೆ ಇರಲಾಗದು ಎನ್ನುವವರು ಈ ವ್ಯವಹಾರಕ್ಕೆ ಬರದಿರಲಿ ಎಂದೇ ನಾನು ಹೇಳುತ್ತೇನೆ.

ತೆರಿಗೆ, ತಿಂಗಳು

ಬಾಡಿಗೆ ಆದಾಯದಲ್ಲಿ ನೀವು ಕಟ್ಟಿದ ಆಸ್ತಿ ತೆರಿಗೆ ಕಳೆದು, ಉಳಿದದ್ದರಲ್ಲಿ ಶೇ 30ರಷ್ಟು ರಿಪೇರಿ ಇತ್ಯಾದಿಗೆಂದು ಬಿಲ್ಲಿಲ್ಲದೆಯೇ ಕಳೆಯಬಹುದು. ಆಮೇಲೆ ಸಾಲದ ಬಡ್ಡಿ. ಮೇಲಿನ ಮೊದಲ ಲೆಕ್ಕದಲ್ಲಿ 80 ಲಕ್ಷ ಸಾಲವಿದ್ದರೆ ಮೊದಲ ವರ್ಷದ ಬಡ್ಡಿಯೇ 7 ಲಕ್ಷ ದಾಟುತ್ತದೆ. ಆಸ್ತಿ ತೆರಿಗೆ 20 ಸಾವಿರ ಎಂದು ಹಿಡಿದರೆ ಮೂರು ಲಕ್ಷಕ್ಕೂ ಮಿಕ್ಕಿ ನಷ್ಟ ಕಾಣುತ್ತದೆ. ಹಳೆಯ ತೆರಿಗೆ ಪದ್ಧತಿಯಲ್ಲಿ ಇದರಲ್ಲಿ 2 ಲಕ್ಷದವರೆಗೆ ಸಂಬಳದ ಆದಾಯದಿಂದ ಕಳೆಯಬಹುದು. ಹೊಸ ಪದ್ಧತಿಯಲ್ಲಿ ಹಾಗೆ ಕಳೆಯಲು ಬರುವುದಿಲ್ಲ. ಹಿಂದೆ ಮನೆ ಕೊಂಡ ಗೆಳೆಯರು ಹೇಳುವ ತೆರಿಗೆ ಉಳಿತಾಯ ನಿಮಗೆ ಸಿಗದಿರಬಹುದು. ವಾಸಕ್ಕೆ ಕೊಟ್ಟ ಮನೆಯ ಬಾಡಿಗೆಗೆ ಜಿಎಸ್‌ಟಿ ಇಲ್ಲ. ಪಿಜಿ, ಹಾಸ್ಟೆಲ್ ಬಗೆಯದ್ದಾದರೂ ತಲೆಗೆ ತಿಂಗಳಿಗೆ 20 ಸಾವಿರದೊಳಗೆ, ಕನಿಷ್ಠ 90 ದಿನದ ವಾಸವಾದರೆ 2024ರ ತೀರ್ಮಾನದಂತೆ ವಿನಾಯಿತಿ ಇದೆ.

ಕೊಳ್ಳುವ ತಿಂಗಳೂ ಮುಖ್ಯ. ಮಾತುಕತೆ ಡಿಸೆಂಬರ್, ಜನವರಿಯಲ್ಲಿ ಶುರುವಾಗಿ ನೋಂದಣಿ ಮಾರ್ಚ್‌ನೊಳಗೆ ಮುಗಿದರೆ ಏಪ್ರಿಲ್, ಮೇ ತಿಂಗಳ ಖಾಲಿ ಮನೆಯಲ್ಲಿ ವೈರಿಂಗು, ಬಚ್ಚಲು, ಸಂಪಿನ ಕೆಲಸ ಮಾಡಿಸಬಹುದು. ನೀರಿನ ನಿಜಸ್ಥಿತಿಯೂ ಆ ಬೇಸಿಗೆಯಲ್ಲೇ ತಿಳಿಯುತ್ತದೆ. ಜೂನ್‌ನಲ್ಲಿ ಪಿಯು, ಪದವಿಯ ಮಕ್ಕಳು ಬರತೊಡಗುತ್ತಾರೆ. ಎಂಜಿನಿಯರಿಂಗ್ ಸೇರುವವರು ಸಿಇಟಿ ಸೀಟು ಹಂಚಿಕೆ ಮುಗಿಸಿಕೊಂಡು ಮತ್ತೆರಡು ತಿಂಗಳ ನಂತರ. ಅಕ್ಟೋಬರ್‌ನಲ್ಲಿ ನೋಂದಣಿಯಾದ ಕಟ್ಟಡದ ಖಾಲಿ ಕೋಣೆಗಳು ಮುಂದಿನ ಜೂನ್‌ವರೆಗೆ ಹಾಗೇ ಇರಬಹುದು ಎಂದು ಎಣಿಸಿ, ಅಷ್ಟು ತಿಂಗಳ ಬಾಡಿಗೆಯನ್ನು ಬೆಲೆಯಲ್ಲಿ ಇಳಿಸಿ ಕೇಳಿ. ನೋಂದಣಿಯಾದ ವಾರದಲ್ಲೇ ಒಳಗಿರುವ ಪ್ರತಿಯೊಬ್ಬರಿಗೂ ಬರಹದಲ್ಲಿ ತಿಳಿಸಿ: ಇನ್ನು ಮುಂದೆ ಬಾಡಿಗೆ ಯಾರಿಗೆ, ಯಾವ ಖಾತೆಗೆ, ಡಿಪಾಜಿಟ್ ಈಗ ಯಾರ ಹೊಣೆ. ಮಾರಾಟದ ಸುದ್ದಿ ತಿಳಿಯದೆ ಅವರು ಹಳೆಯ ಮಾಲೀಕರಿಗೆ ಕೊಟ್ಟ ಬಾಡಿಗೆಯನ್ನು ಮತ್ತೆ ಅವರಿಂದ ಕೇಳಲು ನಿಮಗೆ ಬರುವುದಿಲ್ಲ. ಖಾತಾ ಬದಲಾವಣೆಗೆ, ಮೀಟರುಗಳ ಹೆಸರು ಬದಲಾವಣೆಗೆ ಅರ್ಜಿಯನ್ನೂ ಅದೇ ವಾರ ಹಾಕಿ.